ಗಳಗನಾಥರನ್ನು ಎಲ್ಲಿಂದ ಓದತೊಡಗಬೇಕು?

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಪಾಠ ಮುಗಿಸಿ ಕೋಣೆಗೆ ಬಂದು ಕುಳಿತಿದ್ದೆ. ಹಾನಗಲ್ಲಿನ ಮಳೆ ಒಮ್ಮೆ ಹಿಡಿಯಿತೆಂದರೆ ಬೇಗನೆ ಬಿಡುವಂತಹದಲ್ಲ. ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ ಬಾಗಿಲ ಬಳಿ ನಿಂತು ಒಳಗೆ ಬರಬಹುದೇ ಎಂದು ಕೇಳಿದ. ಸವಣೂರಿನ ಹುಡುಗ, ಇಲ್ಲಿಯ ವಸತಿನಿಲಯದಲ್ಲಿದ್ದು ಓದುತ್ತಿರುವವನು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಮೇಜಿನ ಕೆಳಗೆ ಫೋನು ಹಿಡಿದುಕೊಂಡು ಏನನ್ನೋ ಓದುತ್ತಿರುವುದನ್ನು ನಾನು ಅನೇಕ ಸಲ ಕಂಡಿದ್ದೆ, ಗದರಿಸಿಯೂ ಇದ್ದೆ. ಅವನು ಓದುತ್ತಿದ್ದುದು ಕಾದಂಬರಿಯನ್ನೆಂದು ಅಂದು ತಿಳಿಯಿತು. ೧೯೭೭ರಲ್ಲಿ ಅಮೆರಿಕದಲ್ಲಿ ತೆರೆಕಂಡ 'ಸ್ಟಾರ್ ವಾರ್ಸ್' ಎಂಬ ಚಲನಚಿತ್ರದ ಕಥಾಲೋಕವನ್ನು ಬಳಸಿ ಬೇರೆಬೇರೆ ಲೇಖಕರು ಬರೆದ ಕಾದಂಬರಿಗಳವು. ಅವುಗಳ ಸಂಖ್ಯೆ ನೂರನ್ನೂ ಮೀರಿದೆಯಂತೆ.

ಆ ಕಾದಂಬರಿಗಳನ್ನು ಓದುವವರಲ್ಲಿ ಒಂದು ಮುಗಿಯದ ಜಗಳವಿದೆಯೆಂದು ಅವನು ನನಗೆ ವಿವರಿಸಿದ. ಪ್ರಕಟವಾದ ಕ್ರಮದಲ್ಲಿ ಓದಬೇಕೆನ್ನುವವರು ಒಂದು ಪಕ್ಷ. ಕಥೆಯೊಳಗಿನ ಕಾಲದ ಕ್ರಮದಲ್ಲಿ, ಎಂದರೆ ಸಾವಿರಾರು ವರ್ಷ ಹಿಂದಿನ ಘಟನೆಯಿಂದ ಮೊದಲುಗೊಂಡು ಓದಬೇಕೆನ್ನುವವರು ಇನ್ನೊಂದು ಪಕ್ಷ. ಈ ಎರಡನ್ನೂ ಬಿಟ್ಟು, ಟಿಮೊಥಿ ಝಾನ್ ಎಂಬ ಲೇಖಕ ೧೯೯೧ರಲ್ಲಿ ಬರೆಯತೊಡಗಿದ ಮೂರು ಕಾದಂಬರಿಗಳಿಂದಲೇ ಆರಂಭಿಸಬೇಕೆನ್ನುವವರು ಮೂರನೆಯ ಪಕ್ಷ. ಇದು ಸಾಲದೆಂಬಂತೆ, ೨೦೧೪ರಲ್ಲಿ ಹಕ್ಕಿನ ಒಡೆಯರು ಅದುವರೆಗಿನ ಕಾದಂಬರಿಗಳನ್ನೆಲ್ಲ ಅಧಿಕೃತ ಕಥೆಯಿಂದ ಹೊರಗಿಟ್ಟು, ಅವು ಬರಿಯ ದಂತಕಥೆಗಳೆಂದು ಸಾರಿಬಿಟ್ಟರಂತೆ. ಓದುಗರು ಮಾತ್ರ ಅವನ್ನು ಬಿಡಲಿಲ್ಲ.

ಇಷ್ಟನ್ನೂ ಹೇಳಿ ಮುಗಿಸಿ, ಅವನು ತನ್ನ ನಿಜವಾದ ಪ್ರಶ್ನೆಯನ್ನು ಕೇಳಿದ. ಗಳಗನಾಥರು ಎರಡು ಡಜನಿನಷ್ಟು ಕಾದಂಬರಿಗಳನ್ನು ಬರೆದರೆಂದು ನಾನು ತರಗತಿಯಲ್ಲಿ ಹೇಳಿದ್ದೆ. ಅವುಗಳಲ್ಲಿ ಯಾವುದನ್ನು ಮೊದಲು ಓದಬೇಕು?

ಕನ್ನಡ ಅಧ್ಯಾಪಕನಾಗಿ ಇಪ್ಪತ್ತು ವರ್ಷಗಳ ಹತ್ತಿರ ಬಂದಿರುವ ನನಗೆ ಈ ಪ್ರಶ್ನೆಯನ್ನು ಕೇಳಿದವರು ಇಬ್ಬರೇ. ಮೊದಲು ಕೇಳಿದವಳು ಹಿರೇಕೆರೂರು ಸೀಮೆಯ ಒಬ್ಬ ವಿದ್ಯಾರ್ಥಿನಿ. ಅದಾಗಿ ಬಹಳ ವರ್ಷಗಳು ಸಂದವು. ಆಗಿನ್ನೂ ನನಗೆ ಎಂ.ಎ.ಯ ಬಿಸಿ ಆರಿರಲಿಲ್ಲ. ಗಳಗನಾಥರ ಸ್ವತಂತ್ರ ಕೃತಿಗಳಲ್ಲಿ ಶ್ರೇಷ್ಠವೆಂದು ವಿಮರ್ಶಕರು ಎಣಿಸಿರುವ 'ಮಾಧವ ಕರುಣಾ ವಿಲಾಸ'ದಿಂದಲೇ ತೊಡಗಬೇಕೆಂದು ಗಂಭೀರವಾಗಿ ಅಪ್ಪಣೆ ಕೊಡಿಸಿದೆ. ಗ್ರಂಥಾಲಯದಿಂದ ಆ ದೊಡ್ಡ ಗ್ರಂಥವನ್ನು ತೆಗೆಸಿಯೂ ಕೊಟ್ಟೆ. ಒಂದು ತಿಂಗಳಾದ ಮೇಲೆ ಆಕೆ ಪುಸ್ತಕವನ್ನು ತಂದು ನನ್ನ ಮೇಜಿನ ಮೇಲಿಟ್ಟು, ಓದಲು ಆಗಲಿಲ್ಲವೆಂದು ತಲೆ ತಗ್ಗಿಸಿ ನಿಂತಳು. ತಪ್ಪು ತನ್ನದೆಂದೇ ಆಕೆ ಭಾವಿಸಿದ್ದಳು. ನಾನೂ ಹಾಗೆಯೇ ಭಾವಿಸಿದ್ದೆ. ಆ ಮೇಲೆ ಪದವಿ ಮುಗಿಯುವವರೆಗೂ ಆಕೆ ನನ್ನಲ್ಲಿ ಯಾವ ಪುಸ್ತಕವನ್ನೂ ಕೇಳಲಿಲ್ಲ.

ಎರಡನೆಯ ಸಲ ಅದೇ ಪ್ರಶ್ನೆ ಬಂದಾಗ ನಾನು ಕೂಡಲೆ ಉತ್ತರ ಕೊಡಲಿಲ್ಲ. ಎರಡು ದಿನಗಳ ಅವಕಾಶ ಬೇಡಿದೆ. ಆ ಎರಡು ದಿನಗಳಲ್ಲಿ ನಾನು ಯೋಚಿಸಿದುದು ಕಾದಂಬರಿಗಳಿಗಿಂತ ಹೆಚ್ಚಾಗಿ ಅವುಗಳನ್ನು ಬರೆದವರ ಬಾಳನ್ನು. ಯಾವ ಬಾಗಿಲಿನಿಂದ ಒಳಗೆ ಹೋಗಬೇಕೆಂಬುದನ್ನು ಮನೆ ಕಟ್ಟಿದವನನ್ನು ನೋಡಿ ತಿಳಿಯುವುದು ಲೇಸಲ್ಲವೆ?

ನಮ್ಮ ತಾಲೂಕಿನ ಧರ್ಮಾ ನದಿ ವರದೆಯನ್ನು ಸೇರುತ್ತದೆ. ವರದೆ ಹಾವೇರಿಯ ಸೀಮೆಯನ್ನು ಹಾದು ಪೂರ್ವಕ್ಕೆ ಹರಿದು ತುಂಗಭದ್ರೆಯನ್ನು ಕೂಡಿಕೊಳ್ಳುತ್ತದೆ. ಆ ಸಂಗಮದಲ್ಲಿರುವ ಊರೇ ಗಳಗನಾಥ. ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯ ಇಂದಿಗೂ ಅಲ್ಲಿ ಹೊಳೆಯ ದಂಡೆಯ ಮೇಲೆ ನಿಂತಿದೆ. ೧೮೬೯ರಲ್ಲಿ ಆ ಊರಿನ ಕುಲಕರ್ಣಿಗಳ ಮನೆಯಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಮುಂದೆ ತಮ್ಮ ಊರಿನ ಹೆಸರನ್ನೇ ಕಾವ್ಯನಾಮವಾಗಿ ಇಟ್ಟುಕೊಂಡರು. ಈಗ ಅವರ ಸ್ವಂತ ಹೆಸರನ್ನು ಹೇಳಿದರೆ ಗುರುತಿಸುವವರು ವಿರಳ. ಊರು ವ್ಯಕ್ತಿಗೆ ಹೆಸರು ಕೊಟ್ಟಿತು. ವ್ಯಕ್ತಿ ಊರಿನ ಹೆಸರನ್ನು ಕನ್ನಡನಾಡಿಗೆಲ್ಲ ಒಯ್ದರು.

ಅವರು ಹುಟ್ಟಿದ ಕಾಲದ ಪರಿಸ್ಥಿತಿಯನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳುವುದು ಕಷ್ಟ. ಹಾವೇರಿ ಆಗ ಜಿಲ್ಲೆಯಾಗಿರಲಿಲ್ಲ. ಅದು ಜಿಲ್ಲೆಯಾದುದು ೧೯೯೭ರಲ್ಲಿ. ಈ ಭಾಗವೆಲ್ಲ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಕಚೇರಿಯಲ್ಲಿಯೂ ಸಭೆಯಲ್ಲಿಯೂ ಮರಾಠಿಗೆ ಮನ್ನಣೆ. ಮನೆಯಲ್ಲಿ ಕನ್ನಡವಾಡುವವರು ಕೂಡ ಪತ್ರ ಬರೆಯುವಾಗ ಮೋಡಿ ಲಿಪಿಯನ್ನು ಹಿಡಿಯುತ್ತಿದ್ದರು. ಓದಲು ಕುಳಿತರೆ ಮರಾಠಿ ಪುಸ್ತಕವನ್ನು ತೆರೆಯುತ್ತಿದ್ದರು. ಡೆಪ್ಯುಟಿ ಚನ್ನಬಸಪ್ಪನವರಂತಹವರು ಶಾಲೆಗಳಲ್ಲಿ ಕನ್ನಡವನ್ನು ನೆಲೆಗೊಳಿಸಲು ದುಡಿದು ಹೋಗಿದ್ದರು. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಶಾಲೆಗಳು ಹುಟ್ಟಿದವು, ಸಂಘವೂ ಹುಟ್ಟಿತು; ಆದರೆ ಅಕ್ಷರ ಕಲಿತವನು ಶಾಲೆಯಿಂದ ಹೊರಬಂದ ಮೇಲೆ ತನ್ನ ಸಂತೋಷಕ್ಕಾಗಿ ಓದಲು ಕನ್ನಡದಲ್ಲಿ ಏನಿತ್ತು? ಕಾವ್ಯಗಳಿದ್ದವು, ಪುರಾಣಗಳಿದ್ದವು. ರಾತ್ರಿ ದೀಪದ ಎಣ್ಣೆ ತೀರುವವರೆಗೂ ಬಿಡದೆ ಓದಿಸಿಕೊಳ್ಳುವ ಗದ್ಯಕಥೆ ಇರಲಿಲ್ಲವೆಂದೇ ಹೇಳಬೇಕು.

ಇತ್ತ ಮೈಸೂರಿನ ಕಡೆ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತರತೊಡಗಿದ್ದರು. ಅವರ 'ದುರ್ಗೇಶನಂದಿನಿ' ಬಂದುದು ೧೮೮೫ರಲ್ಲಿ. ನಮ್ಮ ಕಡೆಯವರ ಕಣ್ಣು ಸಹಜವಾಗಿ ಪುಣೆಯತ್ತ ತಿರುಗಿತ್ತು. ಅಲ್ಲಿ ಹರಿ ನಾರಾಯಣ ಆಪಟೆಯವರು ತಮ್ಮ 'ಕರಮಣೂಕ' ವಾರಪತ್ರಿಕೆಯಲ್ಲಿ ಕಾದಂಬರಿಗಳನ್ನು ಕಂತುಕಂತಾಗಿ ಬರೆಯುತ್ತಿದ್ದರು. ಶಿವಾಜಿಯ ಕಾಲ, ರಜಪೂತರ ಕಾಲ, ವಿಜಯನಗರದ ಪತನ, ಹೀಗೆ ಭಾರತದ ಇತಿಹಾಸದ ಒಂದೊಂದು ಖಂಡವನ್ನೂ ಅವರು ಕಥೆಯಾಗಿ ಮಾಡುತ್ತಿದ್ದರು. ವಾರದ ಕಂತಿಗಾಗಿ ಬರೆದ ಬರವಣಿಗೆಗೆ ಒಂದು ಗುಣ ತಾನಾಗಿಯೇ ಬರುತ್ತದೆ: ಪ್ರಕರಣ ಮುಗಿಯುವಾಗ ಓದುಗನ ಉಸಿರು ಒಂದಿಷ್ಟು ನಿಂತಿರಬೇಕು, ಇಲ್ಲವಾದರೆ ಮುಂದಿನ ವಾರ ಅವನು ಪತ್ರಿಕೆಯನ್ನು ಕೊಳ್ಳುವುದಿಲ್ಲ.

ವೆಂಕಟೇಶರು ಧಾರವಾಡದಲ್ಲಿ ಶಿಕ್ಷಕರ ತರಬೇತಿ ಪಡೆದು ಕನ್ನಡ ಶಾಲೆಯ ಮಾಸ್ತರರಾದರು. ಹಳ್ಳಿಯ ಶಾಲೆಯ ಮಾಸ್ತರನಿಗೆ ಓದುಗರ ಬಡತನ ಎಷ್ಟೆಂಬುದು ಪ್ರತಿದಿನ ಕಣ್ಣಿಗೆ ಬೀಳುವ ಸಂಗತಿ. ೧೮೯೮ರಲ್ಲಿ ಅವರು 'ಪ್ರಬುದ್ಧ ಪದ್ಮನಯನೆ' ಎಂಬ ಕಾದಂಬರಿಯನ್ನು ಬರೆದರು. ವಿದ್ಯಾವರ್ಧಕ ಸಂಘದ ಬಹುಮಾನವೂ ಅದಕ್ಕೆ ದೊರೆಯಿತು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಹೊರಬಂದುದು ಅದರ ಮರುವರ್ಷ. ಕನ್ನಡ ಕಾದಂಬರಿ ಕರಾವಳಿಯಲ್ಲಿಯೂ ಬಯಲುಸೀಮೆಯಲ್ಲಿಯೂ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಕಣ್ಣು ತೆರೆಯಿತೆಂಬುದನ್ನು ನಾವು ಮರೆಯಬಾರದು.

ಬಹುಮಾನ ಪಡೆದ ಮಾಸ್ತರರು ಅಷ್ಟಕ್ಕೇ ತೃಪ್ತರಾಗಿ ವೇತನದ ನೆರಳಿನಲ್ಲಿ ಬಾಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಹಾವೇರಿಯ ಹತ್ತಿರದ ಅಗಡಿಯ ಆನಂದವನದಲ್ಲಿ ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ ೧೯೦೭ರಲ್ಲಿ 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆ ಹುಟ್ಟಿತು. ಗಳಗನಾಥರು ಶಾಲೆಯ ಕೆಲಸವನ್ನು ಬಿಟ್ಟು ಅದರ ಸಂಪಾದಕತ್ವವನ್ನು ವಹಿಸಿಕೊಂಡರು. ಧರ್ಮ, ನೀತಿ, ಭಕ್ತಿ ಇವೇ ಪತ್ರಿಕೆಯ ಉದ್ದೇಶಗಳು. ನಗರವಲ್ಲದ ಒಂದು ಸಣ್ಣ ಊರಿನಿಂದ ಹೊರಟ ಆ ಪತ್ರಿಕೆ ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳ ಮನೆಮನೆಗಳನ್ನು ಹೊಕ್ಕಿತು. ಆಮೇಲೆ ಅವರು 'ಸದ್ಗುರು' ಎಂಬ ಪತ್ರಿಕೆಯನ್ನೂ ನಡೆಸಿದರು. ಇವುಗಳ ನಡುವೆಯೇ ಕಾದಂಬರಿಗಳು ಒಂದರ ಮೇಲೊಂದು ಬರುತ್ತಿದ್ದವು.

ಆ ಕಾದಂಬರಿಗಳು ಓದುಗರನ್ನು ಮುಟ್ಟಿದ ರೀತಿಯನ್ನು ನಾನು ಗ್ರಂಥಗಳಿಂದಲ್ಲ, ನಮ್ಮ ಆಯಿಯಿಂದ ತಿಳಿದೆ. ಆಯಿ ಎಂದರೆ ನನ್ನ ತಂದೆಯ ತಾಯಿ. ಆಕೆಗೆ ಓದು ಬರುತ್ತಿರಲಿಲ್ಲ. ಆದರೂ 'ಕಮಲಕುಮಾರಿ'ಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲವಳಾಗಿದ್ದಳು. ಆಕೆ ಚಿಕ್ಕವಳಿದ್ದಾಗ, ಸುಗ್ಗಿ ಮುಗಿದ ಮೇಲೆ, ಅವಳ ತವರುಮನೆಯ ಪಡಸಾಲೆಯಲ್ಲಿ ಕಂದೀಲಿನ ಸುತ್ತ ನೆರೆಹೊರೆಯವರು ಸೇರುತ್ತಿದ್ದರಂತೆ. ನಾಲ್ಕನೆಯ ಇಯತ್ತೆ ಓದಿದ ಅವಳ ಅಣ್ಣ ಗಟ್ಟಿಯಾಗಿ ಓದುತ್ತಿದ್ದ. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಬಾಗಿಲ ಒಳಗೆ. ದಿನಕ್ಕೊಂದೇ ಪ್ರಕರಣ. ಸಿಂಹಗಡದ ಕಡಿದಾದ ಬಂಡೆಯನ್ನು ಹತ್ತುವ ಪ್ರಕರಣ ಮುಗಿದ ರಾತ್ರಿ ಯಾರೂ ಏಳಲೊಲ್ಲದೆ ಇನ್ನೊಂದು ಪ್ರಕರಣಕ್ಕೆ ಹಟ ಹಿಡಿದರಂತೆ. ಕಂದೀಲಿನ ಎಣ್ಣೆ ತೀರಿತೆಂದು ಯಜಮಾನರು ಎಲ್ಲರನ್ನೂ ಎಬ್ಬಿಸಿ ಕಳುಹಿಸಿದರಂತೆ. ಇದನ್ನು ಹೇಳುವಾಗ ಎಂಬತ್ತರ ಆಯಿಯ ಮುಖದಲ್ಲಿ ಆ ರಾತ್ರಿಯ ಅಸಮಾಧಾನ ಇನ್ನೂ ಉಳಿದಿತ್ತು.

ಅಕ್ಷರ ಬಾರದವರನ್ನೂ ಓದುಗರನ್ನಾಗಿ ಮಾಡಿದ ಬರವಣಿಗೆಯನ್ನು ಬರೆದ ಮನುಷ್ಯನಿಗೆ ಬದುಕು ಸುಖವನ್ನು ಕೊಡಲಿಲ್ಲ. ಪುಸ್ತಕಗಳನ್ನು ಮಾರುವ ಅಂಗಡಿಗಳು ಈ ಸೀಮೆಯಲ್ಲಿ ಎಲ್ಲಿದ್ದವು? ಅವರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ, ಮನೆಯ ಬಾಗಿಲಲ್ಲಿ ನಿಂತು ಮಾರಿದರೆಂಬುದು ನಮ್ಮ ಕಡೆ ಇಂದಿಗೂ ಮನೆಮಾತು. ಕಾದಂಬರಿ ಓದುವುದು ಮಕ್ಕಳನ್ನೂ ಹೆಂಗಸರನ್ನೂ ಕೆಡಿಸುವ ಚಟವೆಂದು ಹಿರಿಯರು ಹೇಳುತ್ತಿದ್ದ ದಿನಗಳವು. ಅಂತಹ ಬಾಗಿಲುಗಳ ಮುಂದೆ ಕಾದಂಬರಿಕಾರನೇ ಗಂಟು ಇಳಿಸಿ ನಿಲ್ಲಬೇಕಾದರೆ ಎಷ್ಟು ಧೈರ್ಯ ಬೇಕು, ಎಷ್ಟು ವಿನಯ ಬೇಕು! ಅವರ ಕಾದಂಬರಿಗಳಲ್ಲಿ ಹೆಜ್ಜೆಹೆಜ್ಜೆಗೂ ನೀತಿಬೋಧೆ ಬರುವುದೇಕೆಂದು ವಿದ್ಯಾರ್ಥಿಗಳು ಬೇಸರದಿಂದ ಕೇಳುತ್ತಾರೆ. ಆ ಬಾಗಿಲುಗಳನ್ನು ನೆನೆದರೆ ಕಾರಣ ಅರ್ಥವಾದೀತು. ನೀತಿಯು ಅವರು ನಂಬಿದ್ದ ಧರ್ಮವೂ ಹೌದು. ಆ ಮನೆಗಳೊಳಗೆ ಕಥೆಯನ್ನು ಕರೆದೊಯ್ಯುವ ರಹದಾರಿಯೂ ಹೌದು.

೧೯೪೨ರಲ್ಲಿ ಅವರು ತೀರಿಕೊಂಡರು. ಕೊನೆಯ ವರ್ಷಗಳು ಬಡತನದಲ್ಲಿಯೇ ಕಳೆದವು. ಮುಂದಿನ ಪೀಳಿಗೆ ಅವರನ್ನು ಕನ್ನಡ ಕಾದಂಬರಿಯ ಪಿತಾಮಹರೆಂದು ಕರೆಯಿತು. ಪಿತಾಮಹ ಪದವಿಗೆ ಒಂದು ಅಪಾಯವುಂಟು. ಪಿತಾಮಹರಿಗೆ ನಮಸ್ಕರಿಸುತ್ತೇವೆ, ಅವರ ಬಳಿ ಕುಳಿತು ಮಾತು ಕೇಳುವುದಿಲ್ಲ. ೨೦೨೩ರ ಜನವರಿಯಲ್ಲಿ ಹಾವೇರಿಯಲ್ಲಿ ೮೬ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನೆರೆದಾಗ ನಾನೂ ಹೋಗಿದ್ದೆ. ಗಳಗನಾಥರ ಹೆಸರು ಎಲ್ಲರ ಬಾಯಲ್ಲಿಯೂ ಇತ್ತು. ಜೊತೆಗಿದ್ದ ಅಧ್ಯಾಪಕ ಮಿತ್ರರನ್ನು, ಅವರ ಒಂದು ಕಾದಂಬರಿಯನ್ನಾದರೂ ಪೂರ್ತಿ ಓದಿದ್ದೀರಾ ಎಂದು ಕೇಳಿದೆ. ಐವರಲ್ಲಿ ಒಬ್ಬರು ಮಾತ್ರ ಹೌದೆಂದರು.

ಇನ್ನು ಹುಡುಗನ ಪ್ರಶ್ನೆಗೆ ಬರೋಣ.

ಪ್ರಕಟವಾದ ಕ್ರಮದಲ್ಲಿ ಓದುವುದಾದರೆ 'ಪ್ರಬುದ್ಧ ಪದ್ಮನಯನೆ'ಯಿಂದ ತೊಡಗಬೇಕು. ಲೇಖಕನ ಬೆಳವಣಿಗೆಯನ್ನು ಅಭ್ಯಾಸ ಮಾಡುವವರಿಗೆ ಇದೇ ಸರಿಯಾದ ದಾರಿ. ಆದರೆ ಮೊದಲ ಕೃತಿಯಲ್ಲಿ ಲೇಖಕನ ಕೈ ಇನ್ನೂ ಪಳಗಿರುವುದಿಲ್ಲ. ಗಳಗನಾಥರು ಯಾರೆಂಬುದನ್ನು ಬಲ್ಲವನಿಗೆ ಅದು ಅಮೂಲ್ಯ. ಬಲ್ಲದವನಿಗೆ ಅದು ಹಳೆಯ ಪುಸ್ತಕವೊಂದೇ.

ಇತಿಹಾಸದ ಕ್ರಮದಲ್ಲಿ ಓದುವುದಾದರೆ, ೧೩೩೬ರ ವಿಜಯನಗರದ ಸ್ಥಾಪನೆಯ ಕಥೆಯಾದ 'ಮಾಧವ ಕರುಣಾ ವಿಲಾಸ', ಆಮೇಲೆ ೧೫೬೫ರ ಪತನವನ್ನು ಹೇಳುವ 'ಕನ್ನಡಿಗರ ಕರ್ಮಕಥೆ', ಆಮೇಲೆ ೧೬೭೦ರ ಸಿಂಹಗಡದ 'ಕಮಲಕುಮಾರಿ' ಎಂದು ಸಾಗಬೇಕು. ಕೇಳಲು ಇದು ಬಹಳ ಅಚ್ಚುಕಟ್ಟು. ಆದರೆ ಗಳಗನಾಥರು ಒಂದೇ ದೊಡ್ಡ ಕಥೆಯ ಕಾಂಡಗಳೆಂದು ಇವನ್ನು ಬರೆದವರಲ್ಲ. ಒಂದೊಂದೂ ತನ್ನಷ್ಟಕ್ಕೆ ಪೂರ್ಣ. ಶತಮಾನಗಳ ದಾರದಲ್ಲಿ ಪೋಣಿಸಿದರೆ ಮಾಲೆಯಾದೀತು, ನಿಜ. ಆದರೆ ಆ ದಾರ ನಾವು ತಂದುದು.

ಮೂರನೆಯ ಕ್ರಮ ವಿಮರ್ಶಕರದು. ಸ್ವತಂತ್ರ ಕೃತಿಗಳು ಮೊದಲು, ಆಧಾರವುಳ್ಳವು ಅನಂತರ. ಅಥವಾ ಅವನ್ನು ಓದಲೇಬೇಕಾಗಿಲ್ಲ. ಹಿರೇಕೆರೂರಿನ ಆ ಹುಡುಗಿಗೆ ನಾನು ವಿಧಿಸಿದುದು ಈ ಕ್ರಮವನ್ನೇ. ಇದರ ಹಿಂದಿರುವ ಭಾವನೆಯನ್ನು ಸ್ವಲ್ಪ ಪರೀಕ್ಷಿಸಬೇಕು. ಬೇರೊಬ್ಬರ ಕಥೆಯನ್ನು ಎತ್ತಿಕೊಂಡು ಬರೆದುದು ಎರಡನೆಯ ದರ್ಜೆಯದು ಎಂಬುದು ಆ ಭಾವನೆ. ನನ್ನ ವಿದ್ಯಾರ್ಥಿ ಓದುವ ನಕ್ಷತ್ರಯುದ್ಧದ ಕಾದಂಬರಿಗಳನ್ನೂ ಅವನ ಇಂಗ್ಲಿಷ್ ಅಧ್ಯಾಪಕರು ಇದೇ ಕಾರಣದಿಂದ ಹಗುರವಾಗಿ ಕಾಣುತ್ತಾರಂತೆ. ಹಾಗಾದರೆ ನಮ್ಮ ಪಂಪನ ಗತಿ ಏನು? ಕುಮಾರವ್ಯಾಸನ ಗತಿ ಏನು? ಕಥೆ ವ್ಯಾಸರದೆಂದು ನಾವು ಅವರನ್ನು ಕೆಳಗಿಳಿಸಿದ್ದೇವೆಯೆ? ಗಳಗನಾಥರು ಪಂಪನಿಗೆ ಸಮಾನರೆಂದು ನಾನು ಹೇಳುತ್ತಿಲ್ಲ. ಎರವಲು ಎಂಬ ಕಾರಣ ಒಂದನ್ನೇ ಹಿಡಿದು ತೀರ್ಪು ಕೊಡುವುದು ನಮ್ಮ ಸಂಪ್ರದಾಯವಲ್ಲವೆಂದಷ್ಟೇ ನನ್ನ ಮಾತು. ಆಪಟೆಯವರ ಕಥೆಯನ್ನು ತೆಗೆದುಕೊಂಡರೂ ಗಳಗನಾಥರು ಕೂರಿಸಿದುದು ಕನ್ನಡದ ಪಡಸಾಲೆಯಲ್ಲಿ. ಮರಾಠಿ ಓದುತ್ತಿದ್ದ ಮನೆಗೆ ಅದೇ ರುಚಿಯನ್ನು ಕನ್ನಡದಲ್ಲಿ ಕೊಟ್ಟು, ಆ ಮನೆಯನ್ನು ಕನ್ನಡಕ್ಕೆ ತಿರುಗಿಸಿಕೊಂಡರು. ಆ ಕೆಲಸಕ್ಕೆ ಸ್ವತಂತ್ರ ಪ್ರತಿಭೆ ಬೇಡವೆ?

ಎರಡು ದಿನಗಳ ಯೋಚನೆಯಿಂದ ನನಗೆ ಹೊಳೆದುದು ನಾಲ್ಕನೆಯ ಕ್ರಮ. ಅದು ನಮ್ಮ ಆಯಿಯ ಕ್ರಮ. ಗಳಗನಾಥರ ಮೊದಲ ಓದುಗರು ಯಾವ ಬಾಗಿಲಿನಿಂದ ಒಳಗೆ ಬಂದರೋ ಅದೇ ಬಾಗಿಲಿನಿಂದ ನಾವೂ ಬರಬೇಕು. ಅವರು ಸಾಹಿತ್ಯಚರಿತ್ರೆಯನ್ನು ತಿಳಿಯಲು ಬರಲಿಲ್ಲ. ಕಥೆ ಕೇಳಲು ಬಂದರು.

ಆದುದರಿಂದ ಮೊದಲು 'ಕಮಲಕುಮಾರಿ'. ಆಪಟೆಯವರು ಸಿಂಹಗಡವನ್ನು ಕುರಿತು ಬರೆದ ಕಾದಂಬರಿಯೇ ಇದಕ್ಕೆ ಆಧಾರ. ಕೋಟೆಯೊಂದು, ಸೆರೆಸಿಕ್ಕ ರಜಪೂತ ಹೆಣ್ಣೊಬ್ಬಳು, ಕೋಟೆಯನ್ನು ಗೆಲ್ಲಲು ಹೊರಟ ತಾನಾಜಿ. ಕಥೆ ನೇರವಾಗಿ ಓಡುತ್ತದೆ. ಸತಿ ಹೋಗುವ ಹೆಣ್ಣನ್ನು ಕುರಿತ ಆ ಕಾಲದ ಭಾವನೆಗಳು ನಮ್ಮವಲ್ಲ. ಅವುಗಳನ್ನು ಒಪ್ಪಬೇಕಾಗಿಯೂ ಇಲ್ಲ. ಆದರೆ ಗಳಗನಾಥರ ವಾಕ್ಯದ ನಡಿಗೆ, ವಾಚಕನನ್ನು ಕರೆದು ಮಾತನಾಡಿಸುವ ಅವರ ಸಲಿಗೆ, ಕಿವಿಗೆ ಹೊಂದಿಕೊಳ್ಳುವುದು ಇಲ್ಲಿಯೇ. ಎರಡನೆಯದು 'ಕನ್ನಡಿಗರ ಕರ್ಮಕಥೆ'. ಇದೂ ಆಪಟೆಯವರ 'ವಜ್ರಾಘಾತ'ದಿಂದ ಬಂದುದೇ. ಆದರೆ ಹೆಸರನ್ನು ನೋಡಿರಿ. ಸಿಡಿಲಿನ ಹೊಡೆತ ಎಲ್ಲಿಂದಲೋ ಬಂದು ಬೀಳುವಂತಹದು. ಕರ್ಮ ನಾವೇ ಮಾಡಿಕೊಂಡುದು. ಹೆಸರನ್ನು ಬದಲಾಯಿಸಿದ ಕೈಯೇ ಕಥೆಯನ್ನು ಕನ್ನಡಿಗರ ಆತ್ಮಪರೀಕ್ಷೆಯನ್ನಾಗಿ ಮಾಡಿತು. ಮೂರನೆಯದು 'ಮಾಧವ ಕರುಣಾ ವಿಲಾಸ'. ೧೯೨೩ರ ಈ ದೊಡ್ಡ ಗ್ರಂಥವನ್ನು, ಹಾಳಾದ ಹಂಪೆಯ ಕಥೆಯನ್ನು ಓದಿ ಮನಸ್ಸು ಮಿಡುಕಿದ ಮೇಲೆಯೇ ಓದಬೇಕು. ಮುಂದೆ ಏನು ಕಳೆದುಹೋಗಲಿದೆಯೆಂದು ತಿಳಿದವನಿಗೆ ವಿದ್ಯಾರಣ್ಯರು ಅದನ್ನು ಕಟ್ಟಿದ ಕಥೆಯ ನಿಧಾನ ಭಾರವಾಗುವುದಿಲ್ಲ. ಕೊನೆಯಲ್ಲಿ 'ಪ್ರಬುದ್ಧ ಪದ್ಮನಯನೆ'. ಮುಪ್ಪಿನ ಗೆಳೆಯನ ಬಾಲ್ಯದ ಚಿತ್ರವನ್ನು ನೋಡಿದ ಹಾಗೆ ಅದನ್ನು ನೋಡಬೇಕು. ಉಳಿದವುಗಳನ್ನು ಸಿಕ್ಕ ಹಾಗೆ, ಮನಸ್ಸು ಬಂದ ಹಾಗೆ ಓದಲು ಅಡ್ಡಿಯಿಲ್ಲ.

ಓದುವ ರೀತಿಯನ್ನು ಕುರಿತು ಎರಡು ಮಾತು. ದಿನಕ್ಕೊಂದು ಪ್ರಕರಣ ಸಾಕು. ಸಾಧ್ಯವಾದರೆ ಗಟ್ಟಿಯಾಗಿ ಓದಬೇಕು. ಕಣ್ಣಿಗೆ ಉದ್ದವೆನಿಸುವ ಸಂಸ್ಕೃತಭೂಯಿಷ್ಠ ವಾಕ್ಯಗಳು ನಾಲಗೆಯ ಮೇಲೆ ಸರಾಗವಾಗಿ ಇಳಿಯುತ್ತವೆ. ನೀತಿಬೋಧೆ ಅತಿಯೆನಿಸಿದ ಕಡೆ ಪುಟ ಮಗುಚುವುದರಲ್ಲಿ ಪಾಪವಿಲ್ಲ.

ಇಷ್ಟನ್ನು ನಿರ್ಧರಿಸಿದ ಮೇಲೆಯೂ ನನ್ನ ಮನಸ್ಸಿನಲ್ಲಿ ಒಂದು ಅಳುಕು ಉಳಿಯಿತು. ಪ್ರಶ್ನೆ ಕೇಳಿದವನು ಮುಸಲ್ಮಾನರ ಮನೆಯ ಹುಡುಗ. ಅವನ ಊರು ೧೯೪೮ರವರೆಗೆ ನವಾಬರ ಆಳ್ವಿಕೆಯಲ್ಲಿದ್ದ ಸವಣೂರು. ಆ ಕಾಲದ ಐತಿಹಾಸಿಕ ಕಾದಂಬರಿಗಳು, ಬಂಗಾಳಿಯಾಗಲಿ ಮರಾಠಿಯಾಗಲಿ ಕನ್ನಡವಾಗಲಿ, ಸುಲ್ತಾನರನ್ನೂ ಮೊಗಲರನ್ನೂ ಚಿತ್ರಿಸುವಾಗ ಕಪ್ಪು ಬಣ್ಣವನ್ನು ಧಾರಾಳವಾಗಿ ಬಳಸಿದವು. ಪರರ ಆಳ್ವಿಕೆಯಲ್ಲಿ ನೊಂದ ಜನ ಹಳೆಯ ವೈರಿಯ ಮುಖದಲ್ಲಿ ಹೊಸ ಒಡೆಯನನ್ನು ಕಂಡರೆಂದು ನಾವು ಕಾರಣ ಹೇಳಬಹುದು. ಕಾರಣ ಹೇಳಿದ ಮಾತ್ರಕ್ಕೆ ನೋವು ಇಲ್ಲವಾಗುವುದಿಲ್ಲ. ಕನ್ನಡವನ್ನು ಪ್ರೀತಿಸಿ ಬಂದ ಹುಡುಗನ ಕೈಗೆ, ಅವನನ್ನೇ ಹೊರಗೆ ನಿಲ್ಲಿಸುವ ಪುಸ್ತಕವನ್ನು ನಾನು ಕೊಡುತ್ತಿದ್ದೇನೆಯೆ? ಈ ಭಯವನ್ನು ಅವನಿಂದ ಮುಚ್ಚಿಡುವುದು ಸರಿಯೆನಿಸಲಿಲ್ಲ. ಪುಸ್ತಕವನ್ನು ಕೊಡುವಾಗ ಎಲ್ಲವನ್ನೂ ಹೇಳಿದೆ. ಅವನು ಕೇಳಿಕೊಂಡು, ಓದಿ ನೋಡುತ್ತೇನೆಂದು ಹೇಳಿ ಹೋದ.

ಮೂರು ವಾರಗಳಲ್ಲಿ 'ಕಮಲಕುಮಾರಿ' ಹಿಂದಿರುಗಿತು. ಮೊಗಲರ ಕಡೆಯವರನ್ನು ಒಂದೇ ಬಣ್ಣದಲ್ಲಿ ಬರೆದಿದ್ದಾರೆಂದು ಅವನು ಮೊದಲೇ ಹೇಳಿದ. ಆದರೆ ಅವನು ಇನ್ನೊಂದನ್ನೂ ಗಮನಿಸಿದ್ದ. ಕಥೆಯ ಖಳನಾದ ಕೋಟೆಯ ಒಡೆಯ ಉದಯಭಾನು ರಜಪೂತನಲ್ಲವೆ ಎಂದು ಕೇಳಿದ. ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಆ ಮಾತು ಅಷ್ಟು ಮುಖ್ಯವಾಗಿ ಹೊಳೆದಿರಲಿಲ್ಲ. ಆಮೇಲೆ ಅವನು ಎರಡನೆಯ ಪುಸ್ತಕವನ್ನು ಬೇಡಿ ಒಯ್ದ. ಅದನ್ನು ಓದಿ ಬಂದ ದಿನ ಅವನು ಬಹಳ ಹೊತ್ತು ಮಾತನಾಡಿದುದು ತಾಳೀಕೋಟೆಯ ಯುದ್ಧವನ್ನು ಕುರಿತಲ್ಲ, ಮೆಹರ್ಜಾನಳನ್ನು ಕುರಿತು. ರಾಮರಾಯ ಒಲಿದು ಕೈಬಿಟ್ಟ ಆ ಹೆಣ್ಣಿಗಾದ ಅನ್ಯಾಯವೇ ಕೊನೆಗೆ ವೈರವಾಗಿ ತಿರುಗಿ ಅವನನ್ನು ಮುತ್ತುತ್ತದೆ. ಒಂದು ಸಾಮ್ರಾಜ್ಯದ ಕರ್ಮ ಒಬ್ಬ ಮುಸಲ್ಮಾನ ಹೆಣ್ಣಿನ ಕಣ್ಣೀರಿನಲ್ಲಿದೆಯೆಂದು ಬರೆದವರು ತನ್ನನ್ನು ಹೊರಗೆ ನಿಲ್ಲಿಸಿದರೆಂದು ಹೇಗೆ ಹೇಳಲಿ ಎಂಬುದು ಅವನ ಮಾತಿನ ತಾತ್ಪರ್ಯ. ಆ ಪುಸ್ತಕದಲ್ಲಿ ಸಿಟ್ಟು ತರಿಸುವ ಪುಟಗಳೂ ಇವೆಯೆಂದು ಸೇರಿಸಲು ಅವನು ಮರೆಯಲಿಲ್ಲ. ಒಳ್ಳೆಯ ಓದುಗನೆಂದರೆ ಇಂತಹವನೇ. ಮೆಚ್ಚಿದುದನ್ನು ಮೆಚ್ಚಿದನು, ಸಲ್ಲದುದನ್ನು ಸಲ್ಲದೆಂದನು, ಎರಡಕ್ಕಾಗಿಯೂ ಪುಸ್ತಕವನ್ನು ಕೆಳಗಿಡಲಿಲ್ಲ.

ಈಗ 'ಮಾಧವ ಕರುಣಾ ವಿಲಾಸ' ಅವನ ಬಳಿಯಿದೆ. ನಮ್ಮ ಗ್ರಂಥಾಲಯದ ಪ್ರತಿಯ ಹಾಳೆಗಳು ಮುಟ್ಟಿದರೆ ಮುರಿಯುವಂತಿವೆ. ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಅವನ ದಿನಾಂಕಕ್ಕಿಂತ ಮುಂಚೆ ಬಿದ್ದಿರುವ ಮೊಹರು ಹಿರೇಕೆರೂರಿನ ಆ ಹುಡುಗಿ ಪುಸ್ತಕವನ್ನು ಹಿಂದಿರುಗಿಸಿದ ದಿನದ್ದು. ನಡುವೆ ಯಾರೂ ಅದನ್ನು ತೆಗೆದಿಲ್ಲ. ನಾನೂ ತೆಗೆದಿಲ್ಲ. ಗಳಗನಾಥರ ಕೃತಿಗಳ ಮೇಲಿನ ಹಕ್ಕಿನ ಅವಧಿ ೨೦೦೨ರ ಕೊನೆಗೇ ಮುಗಿದಿದೆ. ಯಾರು ಬೇಕಾದರೂ ಅಚ್ಚು ಮಾಡಬಹುದು, ಬೆರಳಚ್ಚು ಮಾಡಿ ಎಲ್ಲರಿಗೂ ಹಂಚಬಹುದು. ಅಡ್ಡಿಯಾಗಿರುವುದು ಹಕ್ಕಲ್ಲ, ನಮ್ಮ ಆಲಸ್ಯ. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಮಾರಿದವರ ನಾಡಿನ ಅಧ್ಯಾಪಕರು ಒಂದು ಪುಸ್ತಕವನ್ನು ಕಪಾಟಿನಿಂದ ಮೇಜಿನವರೆಗೆ ತರಲಾರೆವೆ?

ಆ ವಿದ್ಯಾರ್ಥಿನಿ ಈಗ ತನ್ನ ಸೀಮೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಾಳೆಂದು ಕೇಳಿದ್ದೇನೆ. ಗಳಗನಾಥರು ತೊಡಗಿದ ವೃತ್ತಿಯೇ ಅದು. ಈ ಪುಟ ಅವಳ ಕಣ್ಣಿಗೆ ಬಿದ್ದರೆ ಅವಳು ತಿಳಿಯಬೇಕಾದುದು ಇಷ್ಟೇ: ಅಂದು ತಪ್ಪಿದುದು ಅವಳ ಓದಲ್ಲ, ನನ್ನ ಉತ್ತರ. 'ಕಮಲಕುಮಾರಿ' ಗ್ರಂಥಾಲಯಕ್ಕೆ ಮರಳಿದೆ. ಬಂದು ಒಯ್ಯಬಹುದು.